ಬ್ರೇಕ್ ಡಿಸ್ಕ್: ಲೇತಿಗೆ ಕೊಡುವುದೋ, ಹೊಸತು ಹಾಕುವುದೋ, ಮನೆಯಲ್ಲೇ ಬದಲಿಸುವುದೋ?

ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುತ್ತದೆ, ಇಲ್ಲವೇ ಚಕ್ರದಿಂದ ಕರಕರ ಸದ್ದು ಬರುತ್ತದೆ. ಗ್ಯಾರೇಜಿಗೆ ಹೋದರೆ ‘ಡಿಸ್ಕ್ ಹೋಗಿದೆ’ ಅನ್ನುತ್ತಾರೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ; ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಎಂಬ ಇಕ್ಕಳದಂಥ ಭಾಗ ತನ್ನ ಪಿಸ್ಟನ್ನಿನಿಂದ ಎರಡು ಪ್ಯಾಡುಗಳನ್ನು ಒತ್ತಿ ಅದನ್ನು ಹಿಡಿಯುತ್ತದೆ. ಅಲ್ಲಿಂದ ಮುಂದೆ ದಾರಿ ಒಂದಲ್ಲ. ಇದ್ದ ಡಿಸ್ಕನ್ನೇ ಲೇತಿನಲ್ಲಿ ಫೇಸಿಂಗ್ (ಮುಖವನ್ನು ತೆಳುವಾಗಿ ಹೆರೆದು ಸಮ ಮಾಡುವುದು) ಮಾಡಿಸಬಹುದು, ಹೊಸತು ಹಾಕಬಹುದು. ಹೊಸತರಲ್ಲಿ ಕಂಪನಿಯದ್ದಿದೆ, ಹೊರಗಿನದ್ದಿದೆ. ಹಾಕುವ ಕೆಲಸ ಮನೆಯಂಗಳದಲ್ಲಿ ಆಗಬಹುದು, ಗುರುತಿನ ಮೆಕ್ಯಾನಿಕ್ ಹತ್ತಿರ ಆಗಬಹುದು, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಆಗಬಹುದು. ಹೆಚ್ಚಿನವರು ಬ್ರ್ಯಾಂಡ್ ಯಾವುದು ಅನ್ನುವಲ್ಲಿಂದ ವಿಚಾರ ಶುರುಮಾಡುತ್ತಾರೆ. ಅದು ಕೊನೆಗೆ ಬರಬೇಕಾದ ಪ್ರಶ್ನೆ. ಡಿಸ್ಕಿನಲ್ಲಿ ಎಷ್ಟು ಕಬ್ಬಿಣ ಉಳಿದಿದೆ, ತುಕ್ಕು ಯಾವ ಜಾಗದಲ್ಲಿ ಹಿಡಿದಿದೆ ಅನ್ನುವ ಎರಡು ಸಂಗತಿ ಗೊತ್ತಾದರೆ ಉಳಿದ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಆಗುತ್ತದೆ.

ಇಲ್ಲಿ ಹೇಳುವುದೆಲ್ಲ ಮುಂದಿನ ಚಕ್ರಗಳ ಡಿಸ್ಕಿಗೆ ಸಂಬಂಧಿಸಿದ್ದು. ನಮ್ಮಲ್ಲಿಯ ಹೆಚ್ಚಿನ ಸಣ್ಣ ಕಾರುಗಳಿಗೆ ಹಿಂದೆ ಇರುವುದು ಡ್ರಮ್. ಹಿಂದೆಯೂ ಡಿಸ್ಕ್ ಇದ್ದು ಸ್ವಿಚ್ ಒತ್ತಿ ಹಾಕುವ ಹ್ಯಾಂಡ್‌ಬ್ರೇಕ್ ಇದ್ದರೆ ಆ ಭಾಗವನ್ನು ಮನೆಯಲ್ಲಿ ಮುಟ್ಟಬೇಡಿ. ಸ್ಕ್ಯಾನರ್ ಹಾಕಿ ಮೋಟಾರನ್ನು ಹಿಂದಕ್ಕೆ ಸರಿಸದೆ ಪಿಸ್ಟನ್ ಒತ್ತಿದರೆ ಕ್ಯಾಲಿಪರ್ ಹಾಳಾಗುತ್ತದೆ.

ತಪ್ಪು ಡಿಸ್ಕಿನದ್ದೇನಾ?

ಮಳೆಗಾಲದಲ್ಲಿ ಬೆಳಿಗ್ಗೆ ಕಾರು ತೆಗೆಯುವಾಗ ಡಿಸ್ಕಿನ ಮೇಲೆ ಕಿತ್ತಳೆ ಬಣ್ಣದ ಪುಡಿ ಕಾಣುತ್ತದಲ್ಲ, ಅದು ಕಾಯಿಲೆ ಅಲ್ಲ. ಡಿಸ್ಕ್ ಆಗುವುದು ಬೀಡು ಕಬ್ಬಿಣದಿಂದ. ಅದಕ್ಕೆ ಒಂದು ರಾತ್ರಿಯ ಒದ್ದೆ ಸಾಕು. ನಾಲ್ಕು ಸಲ ಬ್ರೇಕ್ ಹಿಡಿದರೆ ಪ್ಯಾಡ್ ಅದನ್ನು ಒರೆಸಿಹಾಕುತ್ತದೆ. ಒರೆಸಿದ ಮೇಲೂ ಉಳಿಯುವ ಕಪ್ಪು ಗುಳಿಗಳು, ಅಂಚಿನಿಂದ ಒಳಗೆ ತೆವಳಿಕೊಂಡು ಬಂದ ಒರಟು ಪಟ್ಟಿ, ಬೆರಳಿನಿಂದ ಕೆರೆದರೆ ಹಪ್ಪಳದ ಹಾಗೆ ಏಳುವ ಪದರ — ತೊಂದರೆ ಇರುವುದು ಇವುಗಳಲ್ಲಿ. ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯಲ್ಲಿ ಬಯಲಲ್ಲಿ ನಿಲ್ಲುವ ಕಾರಿಗೆ ಇದು ಬೇಗ ಬರುತ್ತದೆ. ಗಾಳಿಯ ಉಪ್ಪು ಲೋಹದ ಮೇಲೆ ಕೂತು ತೇವ ಹೀರಿಕೊಳ್ಳುವುದರಿಂದ ಮಳೆ ಬಾರದ ದಿನವೂ ತುಕ್ಕು ನಿಲ್ಲುವುದಿಲ್ಲ. ಗಲ್ಫಿನಲ್ಲಿರುವವರ ಮನೆಯಲ್ಲಿ ತಿಂಗಳುಗಟ್ಟಲೆ ಓಡದೆ ನಿಂತ ಕಾರಿನ ಡಿಸ್ಕಿನಲ್ಲಿ ಪ್ಯಾಡ್ ಕೂತಿದ್ದ ಜಾಗದ ಅಚ್ಚೇ ಮೂಡಿರುತ್ತದೆ. ಕಿಲೋಮೀಟರ್ ಬರಿ ಹದಿನೈದು ಸಾವಿರ ಆಗಿದ್ದರೂ ಆ ಡಿಸ್ಕ್ ಪ್ರತಿ ಸುತ್ತಿಗೂ ಒಮ್ಮೆ ಪೆಡಲನ್ನು ತಟ್ಟುತ್ತದೆ.

ನಡುಕ ಸ್ಟಿಯರಿಂಗಿನಲ್ಲಿದ್ದರೆ ಬಹುತೇಕ ಮುಂದಿನ ಡಿಸ್ಕ್. ಸೀಟಿನ ಅಡಿಯಲ್ಲಿ ಮಾತ್ರ ಅನಿಸಿದರೆ ಹಿಂದಿನ ಡ್ರಮ್ ಮೇಲೆ ಅನುಮಾನ ಪಡಿ: ಖಾಲಿ ರಸ್ತೆಯಲ್ಲಿ, ನೇರ ಹೋಗುವಾಗ, 30–40 ಕಿ.ಮೀ ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಬಟನ್ ಒತ್ತಿಹಿಡಿದೇ ಮೆಲ್ಲನೆ ಎಳೆದು ನೋಡಿ. ಅದೇ ನಡುಕ ಬಂದರೆ ಮುಂದಿನ ಡಿಸ್ಕ್ ಬದಲಿಸಿ ಪ್ರಯೋಜನವಿಲ್ಲ. ಬ್ರೇಕ್ ಒತ್ತದೆಯೂ 80ರಲ್ಲಿ ನಡುಗುವುದಾದರೆ ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಒಂದೇ ಬದಿಗೆ ಎಳೆಯುವುದು, ಒಂದು ಚಕ್ರ ಮಾತ್ರ ಕೈಯಿಡಲಾಗದಷ್ಟು ಬಿಸಿಯಾಗುವುದು ಇದ್ದರೆ ಕ್ಯಾಲಿಪರ್ ಜಾರಿ ಸರಿಯುವ ಸ್ಲೈಡ್ ಪಿನ್ ಅಥವಾ ಅದರ ಪಿಸ್ಟನ್ ಸಿಕ್ಕಿಹಾಕಿಕೊಂಡಿದೆ ಎಂದು ಅರ್ಥ. ಅದನ್ನು ಸರಿಮಾಡದೆ ಹಾಕಿದ ಹೊಸ ಡಿಸ್ಕೂ ಆರು ತಿಂಗಳಿಗೆ ಹಳತಾಗುತ್ತದೆ.

ಅಳತೆ

0–25 ಮಿ.ಮೀ.ನ ಮೈಕ್ರೋಮೀಟರ್ ಬೇಕು. ವರ್ನಿಯರ್ ಕ್ಯಾಲಿಪರ್ ಸಾಲದು: ಪ್ಯಾಡ್ ಮುಟ್ಟದ ಹೊರ ಅಂಚಿನಲ್ಲಿ ಸವೆಯದ ದಿಂಡು ಉಳಿದಿರುತ್ತದೆ, ವರ್ನಿಯರಿನ ದವಡೆ ಅದರ ಮೇಲೆಯೇ ಕೂತು ಡಿಸ್ಕ್ ದಪ್ಪ ಇದೆ ಎಂದು ತೋರಿಸಿಬಿಡುತ್ತದೆ. ಅಂಚಿನಿಂದ 10–15 ಮಿ.ಮೀ ಒಳಗೆ, ಸುತ್ತಲೂ ಎಂಟು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಅತಿ ಕಡಿಮೆ ಬಂದ ಸಂಖ್ಯೆಯನ್ನು ಡಿಸ್ಕಿನ ಮೇಲೆಯೇ ಅಚ್ಚೊತ್ತಿರುವ ಕನಿಷ್ಠ ದಪ್ಪದ ಜೊತೆ ಹೋಲಿಸಬೇಕು. ನಡುವೆ ಉಬ್ಬಿರುವ ಭಾಗದ, ಅಂದರೆ ಟೋಪಿಯ ಮೇಲೋ ಹೊರ ಅಂಚಿನಲ್ಲೋ ‘ಮಿನ್’ ಎಂಬುದರ ಪಕ್ಕ ಅದು ಇರುತ್ತದೆ. ವಯರ್ ಬ್ರಶ್ಶಿನಲ್ಲಿ ತಿಕ್ಕಿದರೆ ಕಾಣುತ್ತದೆ. ಮಧ್ಯೆ ಗಾಳಿ ಹೋಗುವ ಸಂದಿ ಇರುವ ಡಿಸ್ಕುಗಳಲ್ಲಿ ಹೊಸತಿದ್ದಾಗ 22, ಕನಿಷ್ಠ 20 ಎಂಬ ಜೋಡಿ ಸಾಮಾನ್ಯ. ನಿಮ್ಮ ಕಾರಿನದ್ದು ಬೇರೆಯಾಗಿರಬಹುದು, ಡಿಸ್ಕಿನ ಮೇಲೆ ಇರುವುದೇ ಕೊನೆಯ ಮಾತು.

ಎಂಟು ಅಳತೆಗಳ ನಡುವಿನ ವ್ಯತ್ಯಾಸವೂ ಮುಖ್ಯ. 0.02 ಮಿ.ಮೀ ದಾಟಿದರೆ ಕಾಲಿಗೆ ತಿಳಿಯಲು ಶುರುವಾಗುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಹೇಳುವ ಬಹುಪಾಲು ಪ್ರಕರಣಗಳಲ್ಲಿ ಡಿಸ್ಕ್ ಬೆಂಡ್ ಆಗಿರುವುದೇ ಇಲ್ಲ. ಅದು ತುಸು ಓರೆಯಾಗಿ ಕೂತು, ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಪ್ಯಾಡಿಗೆ ಸವರಿ, ಅಲ್ಲಿ ತೆಳ್ಳಗಾಗಿರುತ್ತದೆ. ಇಲ್ಲವೇ ಬಿಸಿಯಲ್ಲಿ ಪ್ಯಾಡಿನ ವಸ್ತು ಒಂದು ಕಡೆ ಅಂಟಿ ದಪ್ಪಗಾಗಿರುತ್ತದೆ.

ಒಳಮುಖವನ್ನು ನೋಡದೆ ತೀರ್ಮಾನ ಮಾಡಬೇಡಿ. ಅಲಾಯ್ ವೀಲಿನ ಸಂದಿಯಿಂದ ಕಾಣುವ ಹೊರಮುಖ ಕನ್ನಡಿಯಂತೆ ಇದ್ದು, ಎಂಜಿನ್ ಬದಿಯ ಮುಖ ಗೆರೆಬಿದ್ದು ಗುಳಿಬಿದ್ದಿರುವುದು ಈ ಊರುಗಳಲ್ಲಿ ತೀರಾ ಸಾಮಾನ್ಯ. ಸಂದಿಗಳಲ್ಲಿ ತುಕ್ಕಿನ ಚಕ್ಕೆ ತುಂಬಿ ಗಾಳಿಯ ದಾರಿ ಮುಚ್ಚಿದ್ದರೆ ದಪ್ಪ ಎಷ್ಟೇ ಇದ್ದರೂ ಆ ಡಿಸ್ಕಿನ ಆಯುಸ್ಸು ಮುಗಿದ ಹಾಗೆ.

ಫೇಸಿಂಗ್ ಮಾಡಿಸಿದರೆ ಲಾಭ ಇದೆಯೇ?

ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಕಡೆ ಲೇತ್ ಕೆಲಸಕ್ಕೆ ಜನ ಸಿಗುತ್ತಾರೆ, ದಿನದೊಳಗೆ ಕೆಲಸ ಮುಗಿಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಹೊಸತಿದ್ದಾಗ 22, ಕನಿಷ್ಠ 20 ಇರುವ ಡಿಸ್ಕ್ ಈಗ 20.9 ಇದೆ ಎಂದುಕೊಳ್ಳಿ. ಗುಳಿ ಹೋಗಬೇಕಾದರೆ ಒಂದೊಂದು ಮುಖದಿಂದ 0.3 ತೆಗೆಯಬೇಕು. ಉಳಿಯುವುದು 20.3. ಸವೆಯಲು ಕೈಯಲ್ಲಿರುವುದು 0.3 ಮಿ.ಮೀ ಮಾತ್ರ, ಮುಂದಿನ ಪ್ಯಾಡ್ ಸೆಟ್ ಮುಗಿಯುವ ಮೊದಲೇ ಅದೂ ಹೋಗುತ್ತದೆ. ಬಿಚ್ಚುವ ಜೋಡಿಸುವ ಮಜೂರಿ ಎರಡು ಸಲ. ಅದೇ ಡಿಸ್ಕ್ 21.6 ಇದ್ದು, ತೊಂದರೆ ಬರಿ ನಡುಕವೋ ಮೇಲ್ಮೈ ತುಕ್ಕೋ ಆಗಿದ್ದರೆ ಮುಖಕ್ಕೆ 0.2ರಂತೆ ತೆಗೆಸಿ 21.2ರಲ್ಲಿ ನಿಶ್ಚಿಂತೆಯಿಂದ ಓಡಿಸಬಹುದು. ಹಾಗಾಗಿ ಫೇಸಿಂಗ್ ಒಪ್ಪುವುದು ಹೆಚ್ಚು ಓಡದ, ನಿಂತೇ ತುಕ್ಕು ಹಿಡಿದ ಕಾರಿಗೆ. ಓಡಿ ಸವೆದ ಡಿಸ್ಕಿಗೆ ಅಲ್ಲ.

ಲೇತಿನವರಿಗೆ ಎರಡು ಮಾತು ಹೇಳಿ ಕೊಡಬೇಕು. ಹಬ್‌ಗೆ (ಡಿಸ್ಕೂ ಚಕ್ರವೂ ಕೂರುವ ನಡುಭಾಗಕ್ಕೆ) ತಾಗುವ ಒಳಮುಖದ ತುಕ್ಕನ್ನು ಮೊದಲು ತೆಗೆದು, ಆ ಮುಖವನ್ನೇ ಆಧಾರವಾಗಿಟ್ಟು ಕಟ್ಟಬೇಕು. ಹೊರ ಅಂಚು ಹಿಡಿದು ಕಟ್ಟಿದರೆ ಲೇತಿನಲ್ಲಿ ನೇರ, ಕಾರಿನಲ್ಲಿ ಓರೆ. ಎರಡು ಬದಿಯ ಡಿಸ್ಕಿನಿಂದಲೂ ಸಮನಾಗಿ ತೆಗೆಯಬೇಕು. ಮತ್ತೆ ಹಾಕುವಾಗ ಯಾವ ರಂಧ್ರ ಯಾವ ಸ್ಟಡ್ಡಿಗಿತ್ತು (ಚಕ್ರದ ನಟ್ ಕೂರುವ, ಹಬ್‌ನಿಂದ ಹೊರಚಾಚಿದ ಬೋಲ್ಟಿಗಿತ್ತು) ಎಂಬ ಗುರುತನ್ನು ಬಿಚ್ಚುವಾಗಲೇ ಮಾಡಿಟ್ಟುಕೊಳ್ಳಿ.

ದಪ್ಪದ ಬಗ್ಗೆ ಇಷ್ಟು ಹಟ ಯಾಕೆಂದರೆ ನಮ್ಮ ಬೆನ್ನಿಗೇ ಘಾಟಿ ಇದೆ. ಶಿರಾಡಿ, ಚಾರ್ಮಾಡಿ, ಆಗುಂಬೆ — ಯಾವುದರಲ್ಲಿ ಹೋದರೂ ವಾಪಸ್ ಬರುವಾಗ ಇಳಿಜಾರು. ಜನ ಸಾಮಾನು ಸೇರಿ 1200 ಕಿಲೋ ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಕರಗಬೇಕು. ಐದು ಕಿಲೋದ ಎರಡು ಡಿಸ್ಕನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವುದು ಹತ್ತಿರ ಹತ್ತಿರ 5 ಸಾವಿರ ಜೂಲ್. ಎಲ್ಲವನ್ನೂ ಮುಂದಿನ ಡಿಸ್ಕಿನ ಮೇಲೆಯೇ ಹೊರಿಸಿ, ಗಾಳಿ ತಣಿಸುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಾವಿರ ಡಿಗ್ರಿ ದಾಟಿಹೋಗುತ್ತದೆ. ನಿಜದಲ್ಲಿ ಗಾಳಿ, ಹಿಂದಿನ ಡ್ರಮ್, ಎರಡನೇ ಗೇರಿನಲ್ಲಿ ಹಿಡಿದಿಡುವ ಎಂಜಿನ್ ಎಲ್ಲ ಪಾಲು ತೆಗೆದುಕೊಳ್ಳುತ್ತವೆ, ಅದರಿಂದ ಬಚಾವು. ಈಗ ದಪ್ಪಕ್ಕೆ ಬನ್ನಿ: 22 ಮಿ.ಮೀ ಡಿಸ್ಕಿನಲ್ಲಿ ಎಂಟು–ಹತ್ತು ಮಿ.ಮೀ ಬರಿ ಗಾಳಿಯ ಸಂದಿ. ಗಟ್ಟಿ ಕಬ್ಬಿಣ ಇರುವುದು 12–14 ಮಿ.ಮೀ ಮಾತ್ರ. ಅದರಲ್ಲಿ 2 ಹೋದರೆ ಬಿಸಿ ಹೀರುವ ತಾಕತ್ತಿನ ಆರೇಳನೇ ಒಂದು ಪಾಲು ಹೋಯಿತು. ಊರೊಳಗೆ ಅದು ಗೊತ್ತಾಗುವುದಿಲ್ಲ, ಹೇರ್‌ಪಿನ್ ತಿರುವಿನಲ್ಲಿ ಗೊತ್ತಾಗುತ್ತದೆ.

ಹೊಸತು ತರುವುದಾದರೆ

ಯಾವಾಗಲೂ ಜೋಡಿ. ಒಂದು ಬದಿ ಮಾತ್ರ ಬದಲಿಸಿದರೆ ಎರಡು ಬದಿಯ ಹಿಡಿತ ಬೇರೆಬೇರೆಯಾಗಿ ಒದ್ದೆ ರಸ್ತೆಯಲ್ಲಿ ಕಾರು ಪಕ್ಕಕ್ಕೆ ಎಳೆಯುತ್ತದೆ.

ಕಂಪನಿಯ ಮೂಲ ಬಿಡಿಭಾಗ — ಮಾರುತಿಗೆ ಅದರದೇ ಜೆನ್ಯೂನ್ ಪಾರ್ಟ್ಸ್, ಹ್ಯುಂಡೈ ಮತ್ತು ಕಿಯಾಗೆ ಮೋಬಿಸ್ — ಚಾಸಿಸ್ ನಂಬರ್ ಕೊಟ್ಟು ತೆಗೆದುಕೊಂಡರೆ ಅಳತೆಯ ತಲೆಬಿಸಿ ಇಲ್ಲ. ಹೊರಗಿನ ಒಳ್ಳೆಯ ತಯಾರಕರು, ಬಾಷ್, ಬ್ರೆಂಬೋ ಇಂಥವರು, ಗುಣದಲ್ಲಿ ಹಿಂದೆ ಬೀಳುವುದಿಲ್ಲ. ನಿಮ್ಮ ಮಾಡೆಲ್ಲಿಗೆ ಸಿಗುತ್ತದೋ ಎಂಬುದಷ್ಟೇ ಪ್ರಶ್ನೆ. ಹೆಸರಿಲ್ಲದ ಡಬ್ಬಿಯಲ್ಲಿ ಅರ್ಧ ಬೆಲೆಗೆ ಬರುವುದನ್ನು ಬಿಟ್ಟುಬಿಡಿ. ಹೊಸ ಡಿಸ್ಕಿನಲ್ಲೇ ಎರಡು ಮುಖದ ದಪ್ಪ ಒಂದೇ ಇಲ್ಲದ್ದು, ಕನಿಷ್ಠ ದಪ್ಪದ ಅಚ್ಚೇ ಇಲ್ಲದ್ದು, ಎರಡರ ತೂಕದಲ್ಲಿ ವ್ಯತ್ಯಾಸ ಇರುವುದು ಆ ಡಬ್ಬಿಗಳಲ್ಲಿ ಸಿಗುತ್ತವೆ. ಅಂಗಡಿಯಲ್ಲೇ ತಕ್ಕಡಿಗಿಟ್ಟು ನೋಡಿ. ಹಳೆಯ ಮೂಲ ಡಿಸ್ಕಿಗಿಂತ ಹೊಸತು ಹಗುರ ಬಂದರೆ ಅಲ್ಲೇ ಬಿಟ್ಟು ಬನ್ನಿ.

ಕರಾವಳಿಯವರು ಹಣ ಹೆಚ್ಚು ಕೊಡಬೇಕಾದದ್ದು ಹೆಸರಿಗಿಂತಲೂ ಲೇಪನಕ್ಕೆ. ಬೂದು ಬಣ್ಣದ ಸತುವಿನ ಲೇಪ ಇರುವ ಡಿಸ್ಕಿನಲ್ಲಿ ಪ್ಯಾಡ್ ಉಜ್ಜುವ ಭಾಗದ ಲೇಪ ಮೊದಲ ಕೆಲವು ಬ್ರೇಕಿಗೇ ಹೋಗುತ್ತದೆ, ಹೋಗಲೇಬೇಕು. ಟೋಪಿ, ಅಂಚು, ಸಂದಿಗಳಲ್ಲಿ ಅದು ಉಳಿಯುತ್ತದೆ, ತುಕ್ಕಿನ ಚಕ್ಕೆ ಹುಟ್ಟುವುದೂ ಅಲ್ಲಿಯೇ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ ದಾಟಿ ಮಳೆ ಬೀಳುವಲ್ಲಿ ಬರಿಯ ಎಣ್ಣೆ ಸವರಿದ ಡಿಸ್ಕಿಗಿಂತ ಇದು ವರ್ಷಗಟ್ಟಲೆ ಹೆಚ್ಚು ಬಾಳುತ್ತದೆ. ತೂತು ಕೊರೆದ, ಗೀರು ಹಾಕಿದ ಡಿಸ್ಕುಗಳು ನೋಡಲು ಚಂದ. ದಿನದ ಓಡಾಟಕ್ಕೆ ಅದರಿಂದ ಏನೂ ಇಲ್ಲ; ತೂತುಗಳಲ್ಲಿ ಕೆಂಪು ಮಣ್ಣೂ ತುಕ್ಕೂ ಕಟ್ಟುತ್ತವೆ, ಘಾಟಿಯ ಬಿಸಿಗೆ ತೂತಿನ ಅಂಚಿನಿಂದ ಬಿರುಕು ಹುಟ್ಟುತ್ತದೆ. ಬೇಡ.

ಪ್ಯಾಡ್ ಹೊಸತೇ ಆಗಬೇಕು. ಹಳೆಯದು ಹಳೆಯ ಡಿಸ್ಕಿನ ಗೆರೆಗೆ ಹೊಂದಿಕೊಂಡಿರುತ್ತದೆ, ಹೊಸ ಡಿಸ್ಕನ್ನು ತನ್ನ ಆಕಾರಕ್ಕೆ ಕೆರೆಯುತ್ತದೆ. ಕಾರಿನ ಜೊತೆ ಬಂದ ಬಗೆಯೇ ಸಾಕು. ಲೋಹದ ಅಂಶ ಜಾಸ್ತಿ ಇರುವ ಪ್ಯಾಡ್ ಬಿಸಿ ತಡೆಯುತ್ತದೆ, ಆದರೆ ಡಿಸ್ಕನ್ನು ಬೇಗ ತಿನ್ನುತ್ತದೆ, ಒದ್ದೆಯಲ್ಲಿ ನಿಂತರೆ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಘಾಟಿ ಹತ್ತಿಳಿಯುವವರು ಬೇಕಾದರೆ ಯೋಚಿಸಿ. ಸೆರಾಮಿಕ್ ಸದ್ದಿಲ್ಲದ್ದು, ವೀಲ್ ಕಪ್ಪಾಗುವುದಿಲ್ಲ, ಬೆಲೆ ಹೆಚ್ಚು.

ಎಲ್ಲಿ ಮಾಡುವುದು?

ಕಂಪನಿ ಸರ್ವಿಸಿನಲ್ಲಿ ಮೂಲ ಬಿಡಿಭಾಗ ಸಿಗುತ್ತದೆ, ಬಿಲ್ ಸಿಗುತ್ತದೆ; ವಾರಂಟಿ ಮುಗಿಯದಿದ್ದರೆ ಅಲ್ಲಿಗೇ ಹೋಗಿ. ಹಬ್‌ನ ತುಕ್ಕು ತೆಗೆದರೋ ಇಲ್ಲವೋ ಎಂಬುದು ಮಾತ್ರ ನಿಮಗೆ ತಿಳಿಯುವುದಿಲ್ಲ. ಗುರುತಿನ ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ನೋಡಬಹುದು, ನೀವೇ ತಂದ ಡಿಸ್ಕ್ ಹಾಕಿಕೊಡುತ್ತಾರೆ. ಅಲ್ಲಿಯ ಬಲಹೀನತೆ ಎಲ್ಲವನ್ನೂ ಏರ್ ಗನ್ನಿನಲ್ಲೇ ಬಿಗಿಯುವುದು; ಇಷ್ಟೇ ಬಲ ಎಂದು ಅಳೆದು ಬಿಗಿಯುವ ಟಾರ್ಕ್ ರೆಂಚ್ ಇರುವುದು ಕಡಿಮೆ. ಮನೆಯಲ್ಲಿ ಮಾಡಿದರೆ ಉಳಿಯುವುದು ಮಜೂರಿ ಮಾತ್ರ. ಟಾರ್ಕ್ ರೆಂಚ್, ಜಾಕ್ ಸ್ಟ್ಯಾಂಡ್ ಕೊಳ್ಳುವ ಖರ್ಚು ಮೊದಲ ಸಲಕ್ಕೆ ಆ ಉಳಿತಾಯವನ್ನು ತಿಂದುಹಾಕುತ್ತದೆ. ಆದರೂ ಮನೆಯ ಕೆಲಸದಲ್ಲಿ ಒಂದು ಲಾಭ ಇದೆ: ತುಕ್ಕು ತೆಗೆಯಲು ಬೇಕಾದ ಸಾವಧಾನ.

ಇಂಥವರು ಮನೆಯಲ್ಲಿ ಮಾಡಬಾರದು: ಅಂಗಳ ಇಳಿಜಾರಾಗಿರುವವರು, ಕೆಲವು ಹಳೆಯ ಮಾಡೆಲ್‌ಗಳಂತೆ ಡಿಸ್ಕ್ ಹಬ್‌ನ ಹಿಂಬದಿಗೆ ಬೋಲ್ಟ್ ಆಗಿದ್ದು, ಬೇರಿಂಗ್ ಪ್ರೆಸ್ ಬೇಕಾಗುವ ಕಾರಿನವರು, ಬೋಲ್ಟಿನ ತಲೆಯೇ ತುಕ್ಕಿಗೆ ಉರುಟಾಗಿರುವವರು. ಮಣ್ಣಿನ ಅಂಗಳದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾಕ್ ಇಡುವುದು ಬೇಡವೇ ಬೇಡ. ಇಂಟರ್‌ಲಾಕ್ ಹಾಕಿದ ಅಂಗಳದಲ್ಲೂ ಸ್ಟ್ಯಾಂಡಿನ ಅಡಿಗೆ 18 ಮಿ.ಮೀ ಪ್ಲೈವುಡ್ ತುಂಡು ಇಡಿ. ಕೆಂಪುಕಲ್ಲನ್ನು ಕಾರಿನ ಅಡಿಗೆ ಕೊಡುವವರಿದ್ದಾರೆ. ಆ ಕಲ್ಲು ಹೇಳದೆ ಕೇಳದೆ ಸೀಳುತ್ತದೆ. ಒಳ್ಳೆಯ ಸಮಯ ಏಪ್ರಿಲ್–ಮೇ.

ಮನೆಯಲ್ಲಿ ಮಾಡುವ ಕ್ರಮ

ಬೇಕಾದವು: ಎರಡು ಟನ್ನಿನ ಜಾಕ್ ಸ್ಟ್ಯಾಂಡ್ ಒಂದು ಜೋಡಿ, ಚಕ್ರಕ್ಕೆ ಅಡ್ಡ ಕೊಡುವ ಕಟ್ಟೆ, 12, 14, 17, 19, 21ರ ಸಾಕೆಟ್, ಅರ್ಧ ಇಂಚಿನ ಉದ್ದ ಹ್ಯಾಂಡಲ್, ಟಾರ್ಕ್ ರೆಂಚ್, ಸಿ ಕ್ಲ್ಯಾಂಪ್, ವಯರ್ ಬ್ರಶ್, 80 ಮತ್ತು 120ರ ಎಮರಿ ಪೇಪರ್, ಬ್ರೇಕ್ ಕ್ಲೀನರ್ ಎರಡು ಡಬ್ಬಿ, ಸಿಲಿಕೋನ್ ಬ್ರೇಕ್ ಗ್ರೀಸ್, ಎರಡು ಎಂ8 ಬೋಲ್ಟ್, ತಂತಿ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ದಿನವೇ ಬೋಲ್ಟುಗಳಿಗೆ ಹಾಕಿಡಿ. ಮಾಸ್ಕ್ ಕಟ್ಟಿಕೊಳ್ಳಿ; ಪ್ಯಾಡಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಕ್ಲೀನರಿನಿಂದ ಒದ್ದೆ ಮಾಡಿ ಒರೆಸಿ.

ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿ, ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಅಲ್ಲಾಡಿಸಿ ನೋಡಿ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ; ಗೊಂದಲವಾದರೆ ನೋಡಲು ಒಂದು ಮಾದರಿ ಇರುತ್ತದೆ. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ತುಂಬಿದ್ದರೆ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ, ಪಿಸ್ಟನ್ ಒತ್ತುವಾಗ ಅದು ಮೇಲೇರಿ ಚೆಲ್ಲುತ್ತದೆ, ಚೆಲ್ಲಿದಲ್ಲಿ ಬಣ್ಣ ಏಳುತ್ತದೆ.

ಕೆಳಗಿನ ಸ್ಲೈಡ್ ಬೋಲ್ಟ್, ಮೇಲಿನದ್ದು ಬಿಚ್ಚಿ ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಹೋಸ್ ಮೇಲೆ ನೇತುಬಿಡಬೇಡಿ. ಎರಡು ಸ್ಲೈಡ್ ಪಿನ್ನು ಒಂದೇ ತರ ಇಲ್ಲದಿರಬಹುದು, ಒಂದರ ತುದಿಗೆ ರಬ್ಬರ್ ಇರುತ್ತದೆ, ಅದಲುಬದಲು ಆಗಬಾರದು. ಕ್ಯಾಲಿಪರನ್ನು ಹೊರುವ ಬ್ರಾಕೆಟ್ಟಿನ ಎರಡು ಬೋಲ್ಟ್, ಹೆಚ್ಚಾಗಿ 17ರದ್ದು, ಬಿಚ್ಚಿದರೆ ಡಿಸ್ಕ್ ಮುಕ್ತ. ಸಣ್ಣ ಸ್ಕ್ರೂ ಇರುವ ಕಾರುಗಳಲ್ಲಿ ಅದು ಹಿಡಿದಿರುವುದೇ ಜಾಸ್ತಿ. ಸ್ಕ್ರೂಡ್ರೈವರಿನಲ್ಲಿ ತಿರುಚಿ ತಲೆ ಕೆಡಿಸುವ ಬದಲು ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ.

ಈಗಲೂ ಡಿಸ್ಕ್ ಬಾರದು. ಕರಾವಳಿಯ ಕಾರಿನಲ್ಲಿ ಅದು ಹಬ್‌ಗೆ ಬೆಸೆದ ಹಾಗೆ ಕೂತಿರುತ್ತದೆ. ಹಲವು ಡಿಸ್ಕುಗಳ ಟೋಪಿಯಲ್ಲಿ ಸ್ಟಡ್ಡುಗಳ ನಡುವೆ ತಿರುಪಿನ ಗೀರು (ಥ್ರೆಡ್) ಇರುವ ಎರಡು ಸಣ್ಣ ರಂಧ್ರ ಇರುತ್ತವೆ. ಅವಕ್ಕೆ ಎಂ8 ಬೋಲ್ಟ್ ಹಾಕಿ ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು ಬಿಗಿಯುತ್ತ ಹೋದರೆ ‘ಠಕ್’ ಎಂದು ಬಿಟ್ಟುಕೊಳ್ಳುತ್ತದೆ. ಜೋರಾಗಿ ಸುತ್ತಿಗೆ ಹೊಡೆದರೆ ಪೆಟ್ಟು ಹೋಗುವುದು ವೀಲ್ ಬೇರಿಂಗಿಗೆ.

ಇನ್ನು ಇಡೀ ಕೆಲಸದ ಸಾರ ಇರುವ ಜಾಗ: ಹಬ್‌ನ ಮುಖ. ಸ್ಟಡ್ಡುಗಳ ಬುಡದಲ್ಲಿ, ನಡುವಿನ ಉಬ್ಬಿನ ಸುತ್ತ ಕೂತ ತುಕ್ಕಿನ ಚಕ್ಕೆ 0.05 ಮಿ.ಮೀ ಇದ್ದರೂ ಡಿಸ್ಕ್ ಅಂಚಿಗೆ ಹೋಗುವಾಗ ಅದು 0.08ರಷ್ಟು ಓರೆಯಾಗುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ; ಕೆಲವು ಸಾವಿರ ಕಿಲೋಮೀಟರಿನಲ್ಲಿ ಅದೇ ನಡುಕ ಮರಳಿ ಬರುತ್ತದೆ, ಬೈಗುಳ ಡಿಸ್ಕ್ ಕಂಪನಿಗೆ. ಲೋಹ ಹೊಳೆಯುವ ತನಕ ತಿಕ್ಕಿ, ಬೆರಳಾಡಿಸಿ ನೋಡಿ. ಓರೆ ಅಳೆಯುವ ಡಯಲ್ ಗೇಜ್ ಇದ್ದರೆ ನಟ್ಟು ಬಿಗಿದು ಡಿಸ್ಕ್ ತಿರುಗಿಸಿ ಅಳೆಯಿರಿ, 0.05ರ ಒಳಗಿದ್ದರೆ ಚೆನ್ನ. ಜಾಸ್ತಿ ಬಂದರೆ ಡಿಸ್ಕನ್ನು ಒಂದು ಸ್ಟಡ್ ಮುಂದೆ ತಿರುಗಿಸಿ ಕೂರಿಸಿ ಮತ್ತೆ ಅಳೆದು ನೋಡಿ.

ಬ್ರಾಕೆಟ್ಟಿನಲ್ಲಿ ಪ್ಯಾಡ್ ಜಾರುವ ಸ್ಟೀಲ್ ಕ್ಲಿಪ್ಪುಗಳ ಅಡಿಯ ತುಕ್ಕನ್ನೂ ಅರದಿಂದ ತೆಗೆಯಬೇಕು. ಅದು ಉಬ್ಬಿ ಕ್ಲಿಪ್ಪನ್ನು ಮೇಲೆತ್ತುತ್ತದೆ, ಪ್ಯಾಡ್ ಸಿಕ್ಕಿಕೊಳ್ಳುತ್ತದೆ. ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್ ಮಾತ್ರ; ಸಾಮಾನ್ಯ ಗ್ರೀಸಿಗೆ ರಬ್ಬರ್ ಉಬ್ಬುತ್ತದೆ. ಎಣ್ಣೆ ಸವರಿದ ಡಿಸ್ಕಾದರೆ ಎರಡು ಮುಖವನ್ನೂ ಕ್ಲೀನರ್ ಹಾಕಿ ಬಿಳಿ ಬಟ್ಟೆಗೆ ಕಲೆ ಹತ್ತದವರೆಗೆ ಒರೆಸಿ. ಹಳೆಯ ಪ್ಯಾಡ್ ಅಡ್ಡವಿಟ್ಟು ಸಿ ಕ್ಲ್ಯಾಂಪಿನಿಂದ ಪಿಸ್ಟನ್ ನಿಧಾನ ಒತ್ತಿ. ಸವೆದಾಗ ಸದ್ದು ಮಾಡುವ ತಗಡಿನ ನಾಲಗೆ ಇರುವ ಪ್ಯಾಡ್ ಹಳೆಯದರಲ್ಲಿ ಯಾವ ಬದಿಗಿತ್ತೋ ಅಲ್ಲಿಗೇ ಹೋಗಬೇಕು.

ಬಿಗಿಯುವ ಬಲ ಸಣ್ಣ ಕಾರುಗಳಲ್ಲಿ ಸುಮಾರಾಗಿ ಹೀಗೆ: ಬ್ರಾಕೆಟ್ ಬೋಲ್ಟ್ 80–110 ನ್ಯೂಟನ್ ಮೀಟರ್, ಸ್ಲೈಡ್ ಬೋಲ್ಟ್ 20–35, ಚಕ್ರದ ನಟ್ 85–110. ನಿಮ್ಮ ಕಾರಿನ ಮ್ಯಾನುಯಲ್ಲಿನ ಸಂಖ್ಯೆ ಸಿಕ್ಕಿದರೆ ಇವನ್ನು ಮರೆತುಬಿಡಿ. ಚಕ್ರದ ನಟ್ಟನ್ನು ಒಂದು ಬಿಟ್ಟು ಒಂದರಂತೆ ಎರಡು ಹಂತದಲ್ಲಿ ಬಿಗಿಯಿರಿ. ಒಂದೇ ಕಡೆಯಿಂದ ಏರ್ ಗನ್ ಹೊಡೆದರೆ ತೆಳು ಟೋಪಿ ಸೊಟ್ಟಗಾಗಿ ಡಿಸ್ಕೂ ಓರೆಯಾಗುತ್ತದೆ.

ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ; ಇದನ್ನು ಮರೆತು ಗೇರ್ ಹಾಕಿದವರ ಕಾರು ಗೇಟಿಗೆ ಹೋಗಿ ನಿಲ್ಲುತ್ತದೆ. ಪೆಡಲ್ ಗಟ್ಟಿಯಾದ ಮೇಲೆ ಆಯಿಲ್ ಮಟ್ಟ ನೋಡಿ. ಎರಡು ವರ್ಷ ದಾಟಿದ ಆಯಿಲ್ ಆಗಿದ್ದರೆ ಈ ನೆಪದಲ್ಲೇ ಬದಲಿಸಿಕೊಳ್ಳಿ: ಡಾಟ್ 4 ಬಗೆಯ ಬ್ರೇಕ್ ಆಯಿಲ್ ಹೊಸತಿದ್ದಾಗ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ ಅದು 155ರ ಆಸುಪಾಸಿಗೆ ಇಳಿಯಬಹುದು. ನಮ್ಮ ಹವೆಯಲ್ಲಿ ನೀರಿಗೆ ಬರಗಾಲ ಇಲ್ಲ.

ಆಮೇಲೆ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಕೂರಬೇಕು. 60ರಿಂದ 15 ಕಿ.ಮೀ.ಗೆ ಮಧ್ಯಮ ಒತ್ತಿನಲ್ಲಿ ಎಂಟು–ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಅರ್ಧ ನಿಮಿಷ ಹಾಗೇ ಓಡಿಸಿ ತಣಿಸಿ. ಪೂರ್ತಿ ನಿಲ್ಲಿಸಿ ಒತ್ತಿಹಿಡಿದರೆ ಪ್ಯಾಡಿನ ಅಚ್ಚು ಬೀಳುತ್ತದೆ. ಇದಕ್ಕೆ ಒಳದಾರಿ ಆಯ್ದುಕೊಳ್ಳಿ. ಹೆದ್ದಾರಿ 66ರಲ್ಲಿ ನಿಮ್ಮ ಹಿಂದೆ ಎಕ್ಸ್‌ಪ್ರೆಸ್ ಬಸ್ಸು ಇರುತ್ತದೆ. ಬಿಸಿಯಾದ ಡಿಸ್ಕಿಗೆ ಪೈಪಿನ ನೀರು ಬಿಡಬೇಡಿ, ಘಾಟಿ ಇಳಿದವರು ನೇರ ವಾಟರ್ ಸರ್ವಿಸಿಗೆ ಹೋಗುವುದೂ ಇದೇ ತಪ್ಪು. ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿ. ಹಳೆಯ ಡಿಸ್ಕನ್ನು ಗುಜರಿಗೆ ಹಾಕಿ, ಬೀಡು ಕಬ್ಬಿಣಕ್ಕೆ ಅಲ್ಲಿ ಬೆಲೆ ಇದೆ.